ಬಿತ್ತನೆ ಕಾಳು, ಕಟ್ಟೆ ನೀರು

ಕೇಳುಗರೇ, ನಮಸ್ಕಾರ.

ಮಂಡ್ಯ ಎಂದ ಕೂಡಲೇ ಕಬ್ಬು, ಭತ್ತ, ನಾಲೆ ನೀರು ನೆನಪಾಗುತ್ತವೆ. ಆದರೆ ನಾಲೆ ಎಲ್ಲ ಊರಿಗೂ ಮುಟ್ಟಿಲ್ಲ. ಮಳವಳ್ಳಿ ತಾಲ್ಲೂಕನ್ನೇ ನೋಡಿ. ಒಂದು ಕಡೆ ಗದ್ದೆ ಬಯಲು, ಇನ್ನೊಂದು ಕಡೆ ಮಳೆ ನಂಬಿದ ರಾಗಿ ಹೊಲ, ಕುರಿ ಮೇಯುವ ಗುಡ್ಡ. ಅಲ್ಲಿನ ಇಬ್ಬರ ಬಗ್ಗೆ ಇವತ್ತು ಹೇಳಬೇಕು.

ಕಿರುಗಾವಲಿನ ಸಯ್ಯದ್ ಘನಿ ಖಾನ್ ಸಾವಿರದಷ್ಟು ಭತ್ತದ ತಳಿ ಬೆಳೆಸಿ ಕಾಪಾಡಿದ್ದಾರೆ. ಅವರ ಮನೆತನದ ತೋಪು ಬಡಾ ಬಾಗ್‌ನಲ್ಲಿ ನೂರಕ್ಕೂ ಹೆಚ್ಚು ಬಗೆಯ ಮಾವು ಇದೆ. ಭತ್ತದ ಕಾಳನ್ನು ಸುಮ್ನೆ ಡಬ್ಬಿಯಲ್ಲಿ ಮುಚ್ಚಿಟ್ಟರೆ ಉಳಿಯದು. ಹಳೆಯದಾದಷ್ಟೂ ಮೊಳಕೆ ಕಡಿಮೆ. ಮತ್ತೆ ಮತ್ತೆ ಬಿತ್ತಲೇಬೇಕು. ಪ್ರತಿ ತಳಿಗೂ ಸಸಿ ಬೆಳೆಸಲು ಬೇರೆ ಒಟ್ಲು, ನಾಟಿಗೆ ಬೇರೆ ಪಾತಿ. ತೆನೆ ಬಂದಾಗ ಸಾಲಿನೊಳಗೆ ನಡೆದು ಬೆರಕೆ ಪೈರು ಕಿತ್ತು ಹಾಕಬೇಕು. ಕೊಯ್ಲಿನಲ್ಲಿ ಒಳ್ಳೆಯ ತೆನೆ ಆರಿಸಿ, ಬೇರೆ ಬೇರೆ ಬಡಿದು, ಒಣಗಿಸಿ, ಹೆಸರು ಬರೆದಿಡಬೇಕು. ಒಂದು ಹಿಡಿ ಬೆರೆತರೂ ತಳಿ ಕೆಟ್ಟಂತೆ. ಎಂಥ ತಾಳ್ಮೆಯ ಕೆಲಸ, ಅಲ್ವಾ?

ನಾಟಿ ಭತ್ತ ಇಳುವರಿ ಕಡಿಮೆ ಎನ್ನುತ್ತಾರೆ. ನಿಜ, ಹೈಬ್ರಿಡ್‌ನಷ್ಟು ಚೀಲ ಆಗುವುದಿಲ್ಲ. ಆದರೆ ರಾಜಮುಡಿಯಂಥವು ಎತ್ತರಕ್ಕೆ ಬೆಳೆಯುತ್ತವೆ, ಹುಲ್ಲು ಜಾಸ್ತಿ ಸಿಗುತ್ತದೆ. ಹಸು ಕಟ್ಟಿದ ಮನೆಗೆ ಹುಲ್ಲೂ ಬೆಳೆಯೇ. ವರ್ಷ ವರ್ಷ ಬೀಜಕ್ಕೆ ಅಂಗಡಿ ಮುಂದೆ ನಿಲ್ಲುವುದೂ ಬೇಡ. ಒಂದೆರಡು ಗುಂಟೆಯಲ್ಲಾದರೂ ಹಾಕಿ ಎಂಬುದು ನನ್ನ ಕೋರಿಕೆ.

ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಿದ್ದವರು. ಕುಂದೂರು ಬೆಟ್ಟದ ತಪ್ಪಲಲ್ಲಿ ಮೂಕಪ್ರಾಣಿಗಳಿಗೆ ನೀರಿಲ್ಲದ್ದು ಕಂಡು ಕಟ್ಟೆ ತೋಡಲು ಶುರು ಮಾಡಿದರು. ಕುರಿ ಮಾರಿದ ದುಡ್ಡನ್ನೂ ಅದಕ್ಕೇ ಸುರಿದರು. 2020ರ ಜೂನ್‌ನಲ್ಲಿ ಪ್ರಧಾನಿಯವರು ಬಾನುಲಿಯಲ್ಲಿ ಅವರ 16 ಕಟ್ಟೆಗಳನ್ನು ನೆನೆದರು. 2022ರಲ್ಲಿ ಕಾಮೇಗೌಡರು ತೀರಿಕೊಂಡರು.

ಕಟ್ಟೆ ತೋಡಿದವರು ಹೋದರೂ ಹೂಳು ಬರುವುದು ನಿಲ್ಲುವುದಿಲ್ಲ. ಮುಂದಿನ ಕೆಲಸ ಊರಿನದು. ಹಿಂದೆ ಕೆರೆಗೊಬ್ಬ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವುದು, ಕೊನೇ ಗದ್ದೆಗೂ ನೀರು ಮುಟ್ಟಿಸುವುದು ಅವನ ಹೊಣೆ. ಸುಗ್ಗಿಯಲ್ಲಿ ಊರವರು ಅವನಿಗೆ ಕಾಳು ಅಳೆಯುತ್ತಿದ್ದರು. ಅಂಥದ್ದೊಂದು ಏರ್ಪಾಡು ಈಗಲೂ ಬೇಕು. ಅದು ಗ್ರಾಮಸಭೆಯಲ್ಲಿ ತೀರ್ಮಾನ ಆಗಬೇಕು, ಮುಂಗಾರಿಗೆ ಮೊದಲೇ ಹೂಳು ಎತ್ತಬೇಕು.

ಯಾರ ಮನೆಯಲ್ಲಿ ಯಾವ ಬಿತ್ತನೆ ಇದೆ ಎಂದೂ ಅಲ್ಲೇ ಬರೆದುಕೊಳ್ಳಿ. ಇದು ಚೆನ್ನಾಗಿ ಗೊತ್ತಿರುವುದು ಹೆಣ್ಣುಮಕ್ಕಳಿಗೆ. ಅವರೆ, ಹುರುಳಿ, ರಾಗಿ ಬಿತ್ತನೆಯನ್ನು ಬೂದಿ ಬೆರೆಸಿ ಅಟ್ಟದ ಮೇಲೆ ಕಾಪಾಡಿದವರು ಅವರೇ. ಮುಂದಿನ ಗ್ರಾಮಸಭೆಗೆ ಅವರನ್ನೂ ಕರೆದುಕೊಂಡು ಹೋಗಿ, ಮೊದಲು ಅವರಿಗೇ ಮಾತಾಡಲು ಬಿಡಿ.

ನಮಸ್ಕಾರ.