ಬಿಡಿಸುವುದಕ್ಕೂ ಕೈಬಿಡುವುದಕ್ಕೂ ನಡುವೆ

ಕೇಳುಗರಿಗೆ ನಮಸ್ಕಾರ.

68 ವರ್ಷದ ಒಬ್ಬ ಹೆಂಗಸನ್ನು ಕಲ್ಪಿಸಿಕೊಳ್ಳಿ. 12 ವರ್ಷದ ಹಿಂದೆ ಗಂಡ ತೀರಿಹೋದರು. ಎದೆ ಡವಡವ, ಕೈ ನಡುಕ, ರಾತ್ರಿಯಿಡೀ ನಿದ್ದೆಯಿಲ್ಲ. ಡಾಕ್ಟರು ಆತಂಕ ತಗ್ಗಿಸುವ ಆಲ್ಪ್ರಜೋಲಾಮ್ ಮಾತ್ರೆ ಬರೆದುಕೊಟ್ಟರು. ಆ ಚೀಟಿ ಮತ್ತೆ ನಿಲ್ಲಲೇ ಇಲ್ಲ. ಈಗ ಹೊಸ ಡಾಕ್ಟರ ಮುಂದೆ ಕೂತು ಕೇಳಿಕೊಳ್ಳುತ್ತಾರೆ: "ಇದೊಂದನ್ನು ಮಾತ್ರ ನಿಲ್ಲಿಸಬೇಡಿ ಡಾಕ್ಟ್ರೇ."

ಇದನ್ನು ಚಟ ಅನ್ನಬೇಡಿ. ಹೇಳಿದ್ದಕ್ಕಿಂತ ಒಂದು ಮಾತ್ರೆಯನ್ನೂ ಅವರು ಜಾಸ್ತಿ ನುಂಗಿಲ್ಲ. ಮಿದುಳನ್ನು ಶಾಂತವಾಗಿಡುವ ಗಾಬಾ ಎಂಬ ರಾಸಾಯನಿಕಕ್ಕೆ ಈ ಮಾತ್ರೆ ಬಲ ಕೊಡುತ್ತದೆ. ದಿನವೂ ಸಿಗುವ ಆ ಬಲಕ್ಕೆ ಮಿದುಳು ಒಗ್ಗಿಹೋಗುತ್ತದೆ. ಥಟ್ಟನೆ ನಿಲ್ಲಿಸಿದರೆ ಹಳೆಯ ಗಾಬರಿ ಇಮ್ಮಡಿಯಾಗಿ ಮರಳಬಹುದು. ಫಿಟ್ಸ್ ಬರಬಹುದು. ಜೀವಕ್ಕೂ ಅಪಾಯ.

ಹಾಗಂತ ಸುಮ್ನೆ ಬರೆದುಕೊಡುತ್ತಾ ಹೋಗುವುದೂ ಸರಿಯಲ್ಲ. ವಯಸ್ಸಾದವರು ಈ ಮಾತ್ರೆಯಿಂದ ತೂಕಡಿಸಿ ಬೀಳುತ್ತಾರೆ, ಸೊಂಟದ ಮೂಳೆ ಮುರಿದುಕೊಳ್ಳುತ್ತಾರೆ. ಮದ್ಯವೋ ಮಾರ್ಫಿನ್ ಜಾತಿಯ ನೋವಿನ ಔಷಧವೋ ಜೊತೆಗೆ ಸೇರಿದರೆ ಉಸಿರೇ ಕುಗ್ಗಬಹುದು. 1988ರಲ್ಲೇ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ, ಈ ಜಾತಿಯ ಮಾತ್ರೆಗಳನ್ನು 2ರಿಂದ 4 ವಾರಕ್ಕೆ ಮಾತ್ರ ಕೊಡಿ ಎಂದಿತ್ತು. ಈ ಹೆಂಗಸಿಗೆ ಅದನ್ನು ಯಾರೂ ಹೇಳಿರಲಿಲ್ಲ. ಒಗ್ಗಿಸಿದವರು ನಾವು, ವೈದ್ಯರು. ಬಿಡಿಸುವಾಗ ಆಗುವ ಸಂಕಟದಲ್ಲೂ ನಾವು ಜೊತೆಗಿರಬೇಕು, ಅಲ್ವಾ?

ಇಲ್ಲಿ ಮನೆಯವರದೂ ಒಂದು ಪ್ರಶ್ನೆ ಬರುತ್ತದೆ. "ಅಮ್ಮನಿಗೆ ಹೇಳಬೇಡಿ, ಗೊತ್ತಾಗದ ಹಾಗೆ ಕಡಿಮೆ ಮಾಡಿಬಿಡಿ" ಅನ್ನುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಡೋಸ್ ಇಳಿದದ್ದು ಗೊತ್ತಿಲ್ಲದೆ ರಾತ್ರಿ ಎದೆ ಹೊಡೆದುಕೊಂಡರೆ, ಆಕೆ ಹಾರ್ಟ್ ಅಟ್ಯಾಕ್ ಅಂದುಕೊಂಡು ನಡುಗುತ್ತಾರೆ. ಆಮೇಲೆ ನಿಜ ತಿಳಿದರೆ? ಮೊದಲೇ ಆತಂಕದಲ್ಲಿರುವ ಜೀವ ಇನ್ನು ಯಾರನ್ನು ನಂಬಬೇಕು?

ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಹೆದರ್ ಆಶ್ಟನ್ ಎಂಬ ವೈದ್ಯೆ 1982ರಿಂದ 1994ರವರೆಗೆ ಇಂಥವರಿಗಾಗಿಯೇ ಕ್ಲಿನಿಕ್ ನಡೆಸಿದರು. ಎಷ್ಟು ಬೇಗ ಇಳಿಸಬೇಕು ಅನ್ನುವುದು ರೋಗಿಯ ಕೈಯಲ್ಲೇ ಇರಲಿ ಎನ್ನುವುದು ಅವರ ನಿಲುವು. ಈಗಲೂ ಸಾಮಾನ್ಯವಾಗಿ 2ರಿಂದ 4 ವಾರಕ್ಕೊಮ್ಮೆ ಡೋಸಿನ ನೂರಕ್ಕೆ 5ರಿಂದ 10 ಭಾಗವನ್ನಷ್ಟೇ ಇಳಿಸುತ್ತಾರೆ. ಕಷ್ಟವಾದರೆ ಅಲ್ಲೇ ನಿಂತು ಕಾಯಬಹುದು. ಜೊತೆಗೆ ಆತಂಕಕ್ಕೆ ಮಾತಿನ ಚಿಕಿತ್ಸೆಯೂ ಬೇಕು. ಇಲ್ಲದಿದ್ದರೆ ಊರುಗೋಲು ಕಿತ್ತುಕೊಂಡು ನಡೆ ಅಂದ ಹಾಗಾಗುತ್ತದೆ.

ಎಲ್ಲ ತಿಳಿದ ಮೇಲೂ ಆ ಹೆಂಗಸು ಇಳಿಸುವುದು ಬೇಡ ಅಂದರೆ? ನಾನಾದರೆ ಬಲವಂತ ಮಾಡುವುದಿಲ್ಲ. ಮುಂದಿನ ಸಲ ಬಂದಾಗ ಮತ್ತೆ ಕೇಳುತ್ತೇನೆ. ಆದರೆ ಆಕೆ ಪದೇ ಪದೇ ಬೀಳುತ್ತಿದ್ದರೆ ನನ್ನ ಮಾತು ಗಟ್ಟಿಯಾಗುತ್ತದೆ. ಆಗಲೂ ಇಳಿಸುವುದು ಮೆಲ್ಲಗೇ. ಅರ್ಧ ಡೋಸಿಗೆ ಬಂದು ಅಲ್ಲೇ ನಿಂತವರನ್ನು ಸೋತವರು ಅನ್ನಲು ನನಗೆ ಮನಸ್ಸಿಲ್ಲ.

ನೀವೂ ಇಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಈ ಮಾತು ಕೇಳಿ ಇವತ್ತು ರಾತ್ರಿಯೇ ನಿಲ್ಲಿಸಿಬಿಡಬೇಡಿ. ಎಷ್ಟು ವರ್ಷದಿಂದ, ಎಷ್ಟು ಡೋಸ್, ಜೊತೆಗೆ ಬೇರೆ ಯಾವ ಔಷಧ ಎಂದು ಬರೆದಿಟ್ಟುಕೊಂಡು ನಿಮ್ಮ ಡಾಕ್ಟರನ್ನು ಕಾಣಿ. ಹೆದರಿಕೆ ಇದ್ದರೆ ಅದನ್ನೂ ಹೇಳಿ.

ನಮಸ್ಕಾರ.