ಹೆಡ್‌ಲೈಟ್ ಯಾವಾಗ ಹೊತ್ತಬೇಕೆಂಬುದನ್ನು ಚಾಲಕನ ಕೈಗೆ ಬಿಡಬೇಡಿ

ಎಲ್ಲರಿಗೂ ನಮಸ್ಕಾರ. ಹಳೆಯ ಫೋರ್ಸ್ ಟ್ರಾವೆಲರ್ ಮೇಲೆ ಕಟ್ಟಿಸಿದ ನಮ್ಮ ಕ್ಯಾಂಪರ್ ವ್ಯಾನಿಗೆ ತಾನಾಗಿಯೇ ಹೊತ್ತಿಕೊಳ್ಳುವ ಹೆಡ್‌ಲೈಟ್ ವ್ಯವಸ್ಥೆ ಹಾಕಿದ್ದನ್ನು ಕಳೆದ ಸಂಚಿಕೆಯ ಕೊನೆಯಲ್ಲಿ ಸ್ವಲ್ಪ ತೋರಿಸಿದ್ದೆ. ಅಡುಗೆ ಕಟ್ಟೆ, ಮಡಚುವ ಮಂಚ, ಛಾವಣಿಯ ಸೋಲಾರ್ ಪ್ಯಾನೆಲ್‌ಗಳ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಹೆಡ್‌ಲೈಟ್ ಬಗ್ಗೆ ಮಾತ್ರ ಒಬ್ಬ ಮಹನೀಯರು ಹೀಗೆ ಬರೆದರು: "ಸ್ವಿಚ್ ತಿರುಗಿಸಿದರೆ ಕೈ ನೋಯುತ್ತದೆಯೇ ಸ್ವಾಮಿ? ಮೂವತ್ತು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ, ಕತ್ತಲಾದದ್ದು ನನಗೆ ಗೊತ್ತಾಗುವುದಿಲ್ಲವೇ?" ಆ ಮಾತಿಗೆ ಬಿದ್ದ ಲೈಕುಗಳನ್ನು ನೋಡಿದ ಮೇಲೆ, ಇವತ್ತಿಗೆ ಸಿದ್ಧವಾಗಿದ್ದ ನೀರಿನ ಪಂಪಿನ ವಿಷಯವನ್ನು ಪಕ್ಕಕ್ಕಿಟ್ಟು ಇದನ್ನೇ ಮಾತನಾಡಲು ಕುಳಿತಿದ್ದೇನೆ.

ಗೊತ್ತಾಗುವುದಿಲ್ಲ ಸ್ವಾಮಿ. ಮೂವತ್ತಲ್ಲ, ಅರವತ್ತು ವರ್ಷ ಓಡಿಸಿದರೂ ಗೊತ್ತಾಗುವುದಿಲ್ಲ, ಏಕೆಂದರೆ ಇದು ಅನುಭವಕ್ಕೆ ಸಂಬಂಧಿಸಿದ್ದಲ್ಲ, ಕಣ್ಣಿಗೆ ಸಂಬಂಧಿಸಿದ್ದು. ಸಂಜೆಯ ಬೆಳಕು ಒಮ್ಮೆಲೇ ಆರುವುದಿಲ್ಲ. ಅದು ಇಳಿಯುತ್ತಾ ಹೋದಂತೆ ಕಣ್ಣಿನ ಪಾಪೆ ಹಿಗ್ಗುತ್ತದೆ, ಅಕ್ಷಿಪಟಲ ಹೆಚ್ಚು ಸೂಕ್ಷ್ಮವಾಗುತ್ತದೆ, ಹೀಗಾಗಿ ಮಧ್ಯಾಹ್ನದಿಂದ ಸ್ಟಿಯರಿಂಗ್ ಹಿಡಿದು ಕುಳಿತವನಿಗೆ ರಸ್ತೆ ಇನ್ನೂ ಚೆನ್ನಾಗಿಯೇ ಕಾಣುತ್ತಿರುತ್ತದೆ. ಆದರೆ ಟ್ಯೂಬ್‌ಲೈಟ್ ಉರಿಯುವ ಅಂಗಡಿಯಿಂದ ಈಗಷ್ಟೇ ಹೊರಬಂದು ರಸ್ತೆ ದಾಟುತ್ತಿರುವ ಅಜ್ಜನಿಗೆ ನಿಮ್ಮ ಬೂದು ಬಣ್ಣದ ವ್ಯಾನ್ ಕಾಣುವುದಿಲ್ಲ. ಪಡುವಣದ ಹೊಳೆಯುವ ಆಕಾಶಕ್ಕೆ ಮುಖಮಾಡಿ ಬರುತ್ತಿರುವ ಬೈಕಿನವನಿಗೂ ಕಾಣುವುದಿಲ್ಲ. ಲೈಟ್ ಬೇಕೋ ಬೇಡವೋ ಎಂದು ತೀರ್ಮಾನಿಸುವವನಿಗೇ ಆ ಹೊತ್ತಿನಲ್ಲಿ ಅದರ ಅಗತ್ಯ ಎಲ್ಲರಿಗಿಂತ ಕಡಿಮೆ. ಮದುವೆ ಊಟದ ಸಾರಿಗೆ ಉಪ್ಪು ಸಾಕೇ ಎಂದು ಉಣ್ಣುವವರನ್ನು ಬಿಟ್ಟು ಬಡಿಸುವವನನ್ನು ಕೇಳಿದ ಹಾಗಾಯಿತು ಇದು.

ಕಾನೂನು ಏನು ಹೇಳುತ್ತದೆ ಎಂದು ಕೇಳುವವರಿಗೆ: ಕೇಂದ್ರ ಮೋಟಾರು ವಾಹನ ನಿಯಮಗಳ 105ನೇ ನಿಯಮದ ಪ್ರಕಾರ ಸೂರ್ಯಾಸ್ತದ ಅರ್ಧ ಗಂಟೆಯ ನಂತರದಿಂದ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನವರೆಗೆ, ಹಾಗೂ ಸಾಕಷ್ಟು ಬೆಳಕಿಲ್ಲದ ಯಾವುದೇ ಹೊತ್ತಿನಲ್ಲಿ, ದೀಪಗಳು ಉರಿಯುತ್ತಿರಬೇಕು. ಮೊದಲ ಅರ್ಧ ಎಲ್ಲರಿಗೂ ನೆನಪಿರುತ್ತದೆ. "ಸಾಕಷ್ಟು ಬೆಳಕಿಲ್ಲದ ಹೊತ್ತು" ಯಾವುದೆಂದು ತೀರ್ಮಾನಿಸುವವರು ಯಾರು? ಮತ್ತೆ ಅದೇ ಚಾಲಕ, ಕತ್ತಲೆಗೆ ಹೊಂದಿಕೊಂಡ ಅದೇ ಕಣ್ಣು. ವಿಶ್ವಸಂಸ್ಥೆಯ ವಾಹನ ನಿಯಮಾವಳಿಯ 48ನೇ ಸಂಖ್ಯೆಯನ್ನು ನೋಡಿ, ಅಲ್ಲಿ ಈ ಗೊಂದಲವೇ ಇಲ್ಲ: ಹೊರಗಿನ ಬೆಳಕು 1000 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೀಳುವ ಬೆಳಕಿನ ಅಳತೆ) ಕೆಳಗಿಳಿದರೆ ಎರಡು ಸೆಕೆಂಡಿನೊಳಗೆ ಡಿಮ್ ಲೈಟ್ ಹೊತ್ತಬೇಕು, 7000 ಲಕ್ಸ್ ದಾಟಿದರೆ, ಅದೂ ಕನಿಷ್ಠ ಐದು ಸೆಕೆಂಡ್ ಕಾದು, ಆರಬೇಕು. ನೆತ್ತಿಯ ಮೇಲೆ ಬಿಸಿಲಿರುವಾಗ ಬಯಲಿನಲ್ಲಿ ಸುಮಾರು ಒಂದು ಲಕ್ಷ ಲಕ್ಸ್ ಇರುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ 1000 ಎಂದರೆ ಎಷ್ಟು ಕಡಿಮೆ ಎಂಬ ಅಂದಾಜಾಗುತ್ತದೆ. ಅಷ್ಟು ಬೆಳಕಿನಲ್ಲೂ ಚಾಲಕ "ಇನ್ನೂ ಬೆಳಕಿದೆ" ಎಂದೇ ಹೇಳುತ್ತಿರುತ್ತಾನೆ.

ನಮ್ಮಂಥ ಕ್ಯಾಂಪರ್‌ನವರಿಗೆ ಈ ಮುಸ್ಸಂಜೆಯ ಕಾಟ ಇತರರಿಗಿಂತ ಹೆಚ್ಚು, ಏಕೆಂದರೆ ರಾತ್ರಿ ತಂಗಲು ಜಾಗ ಹುಡುಕುತ್ತಾ ನಿಧಾನವಾಗಿ ಅಲೆಯುವುದು ಆ ಹೊತ್ತಿನಲ್ಲಿಯೇ. ಬಂಡೀಪುರದ ಮೂಲಕ ವಯನಾಡಿಗೆ ಹೋಗುವ 766ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವಿಲ್ಲವೆಂದು ಎಲ್ಲರೂ ಸಂಜೆಯಲ್ಲಿಯೇ ಕಾಡು ದಾಟಲು ಧಾವಿಸುತ್ತಾರೆ. ಆಗ ಸಾಲಿನಲ್ಲಿ ಲೈಟ್ ಹಾಕದೆ ಬರುವ ಗಾಡಿಗಳನ್ನು ಒಮ್ಮೆ ಗಮನಿಸಿ. ಪ್ರತಿಯೊಂದರ ಒಳಗೂ "ನನಗೆ ಕಾಣುತ್ತಿದೆ" ಎನ್ನುವ ಒಬ್ಬ ಅನುಭವಿ ಕುಳಿತಿರುತ್ತಾನೆ.

ಇನ್ನೊಂದು ಮೋಸ ಡ್ಯಾಶ್‌ಬೋರ್ಡಿನಲ್ಲಿದೆ. ಹಿಂದೆ ಪಾರ್ಕಿಂಗ್ ಲೈಟ್ ಹಾಕುವವರೆಗೆ ಮೀಟರ್ ಕತ್ತಲಾಗಿರುತ್ತಿತ್ತು, ಮುಳ್ಳು ಕಾಣದಿದ್ದಾಗ ಲೈಟಿನ ನೆನಪಾಗುತ್ತಿತ್ತು. ಈಗಿನ ಮೀಟರ್‌ಗಳು ಕೀ ತಿರುಗಿಸಿದೊಡನೆ ಬೆಳಗುತ್ತವೆ, ಮುಂದೆ ಹಗಲಿನಲ್ಲಿ ಉರಿಯುವ ಡಿಆರ್‌ಎಲ್ ದೀಪಗಳಿರುತ್ತವೆ, ಚಾಲಕ ಎಲ್ಲ ಉರಿಯುತ್ತಿದೆ ಎಂದುಕೊಂಡು ನೆಮ್ಮದಿಯಿಂದ ಹೋಗುತ್ತಾನೆ, ಹಿಂದಿನ ಕೆಂಪು ದೀಪ ಮಾತ್ರ ಆರಿಯೇ ಇರುತ್ತದೆ. ಕೆನಡಾ ದೇಶದವರು ಇದಕ್ಕೆ ಬೇಸತ್ತು 2021ರ ಸೆಪ್ಟೆಂಬರ್‌ನಿಂದ ಹೊಸ ವಾಹನಗಳಿಗೆ ಮೂರರಲ್ಲಿ ಒಂದನ್ನು ಕಡ್ಡಾಯ ಮಾಡಿದರು: ಡಿಆರ್‌ಎಲ್ ಜೊತೆಗೆ ಹಿಂದಿನ ದೀಪವೂ ಹೊತ್ತಬೇಕು, ಇಲ್ಲವೇ ಎಲ್ಲ ದೀಪಗಳೂ ಕತ್ತಲಲ್ಲಿ ತಾವಾಗಿಯೇ ಹೊತ್ತಬೇಕು, ಇಲ್ಲವೇ ಲೈಟ್ ಹಾಕುವವರೆಗೆ ಡ್ಯಾಶ್‌ಬೋರ್ಡ್ ಕತ್ತಲಾಗಿರಬೇಕು. ಅಲ್ಲಿಯೂ ಮೂವತ್ತು ವರ್ಷದ ಅನುಭವಿಗಳು ಇದ್ದೇ ಇರುತ್ತಾರೆ. ಅವರ ಕಣ್ಣನ್ನು ಸರ್ಕಾರವೇ ನಂಬಲಿಲ್ಲ, ಅಷ್ಟೇ.

ಈಗ ಅಳವಡಿಸುವ ಕೆಲಸಕ್ಕೆ ಬರೋಣ. ಬೇಕಾಗುವುದು ಬೆಳಕು ಗ್ರಹಿಸುವ ಒಂದು ಸೆನ್ಸರ್, ಅದರ ಸಂಕೇತವನ್ನು ಅಳೆದು ಸ್ವಲ್ಪ ಹೊತ್ತು ತಾಳಿ ನಿರ್ಧರಿಸುವ ಒಂದು ಚಿಕ್ಕ ಮಾಡ್ಯೂಲ್, ಮತ್ತು ರಿಲೇಗಳು, ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಸಿ ನಿಲ್ಲಿಸುವ ಸ್ವಿಚ್ಚುಗಳು. ಎಚ್4 ಬಗೆಯ ಎರಡು ಹೆಡ್‌ಲೈಟ್ ಬಲ್ಬುಗಳ ಡಿಮ್ 55 ವಾಟಿನಂತೆ 110 ವಾಟ್ ಎಳೆಯುತ್ತದೆ, ಎಂದರೆ 12 ವೋಲ್ಟಿನಲ್ಲಿ ಒಂಬತ್ತು ಆಂಪಿಯರ್‌ಗೂ ಹೆಚ್ಚು. ಈ ಕರೆಂಟನ್ನು ಮಾಡ್ಯೂಲಿನ ಮೂಲಕ ಹರಿಸಿದರೆ ಅದು ಸುಟ್ಟುಹೋಗುತ್ತದೆ. ಆದ್ದರಿಂದ ಮಾಡ್ಯೂಲ್ ರಿಲೇಯ 85, 86ನೇ ಕಾಲುಗಳಿಗೆ ಮಾತ್ರ ಕರೆಂಟ್ ಕೊಡಬೇಕು, ಲೈಟಿನ ಭಾರವನ್ನು 30 ಮತ್ತು 87ನೇ ಕಾಲುಗಳು ಹೊರಬೇಕು, ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಬೇಕು. ಒಂದು ರಿಲೇ ಸಾಲದು. ಪಾರ್ಕಿಂಗ್, ಹಿಂದಿನ ದೀಪ ಮತ್ತು ನಂಬರ್ ಪ್ಲೇಟಿನ ದೀಪಕ್ಕೆ ಒಂದು, ಹೆಡ್‌ಲೈಟಿಗೆ ಇನ್ನೊಂದು. ಎರಡನೆಯದನ್ನು ಡಿಮ್-ಡಿಪ್ ಸ್ವಿಚ್ಚಿಗೆ ಮುಂಚೆಯೇ ಜೋಡಿಸಿದರೆ ಡಿಮ್ ಬೇಕೋ ಹೈಬೀಮ್ ಬೇಕೋ ಎಂಬುದು ಚಾಲಕನ ಕೈಯಲ್ಲಿಯೇ ಉಳಿಯುತ್ತದೆ; ಅಷ್ಟು ಅಧಿಕಾರವನ್ನು ಅವನಿಗೆ ಬಿಡಲು ನನ್ನ ಅಭ್ಯಂತರವಿಲ್ಲ. ಕೆಲವು ಗಾಡಿಗಳಲ್ಲಿ ಸ್ವಿಚ್ ಪಾಸಿಟಿವ್ ಕಡೆ ಇರುತ್ತದೆ, ಕೆಲವುಗಳಲ್ಲಿ ಅರ್ಥ್ ಕಡೆ, ಆದ್ದರಿಂದ ಮಲ್ಟಿಮೀಟರ್ ಹಿಡಿಯದೆ ತಂತಿ ಕತ್ತರಿಸುವ ಎಲೆಕ್ಟ್ರಿಷಿಯನ್ ಬಳಿ ವ್ಯಾನ್ ಬಿಡಬೇಡಿ. ಇದರ ಪೂರ್ತಿ ವೈರಿಂಗ್ ಚಿತ್ರ ನಮ್ಮ ವಾಹಿನಿಯ ಸದಸ್ಯರಿಗೆ ಸಿಗುತ್ತದೆ. ಸದಸ್ಯರಾಗುವ ಗುಂಡಿ ಕೆಳಗಿದೆ, ಅದನ್ನು ಒತ್ತಲು ಮಾತ್ರ ಸೆನ್ಸರ್ ಇಲ್ಲ, ನೀವೇ ಒತ್ತಬೇಕು.

ಕಾರಿನಲ್ಲಿ ಇಷ್ಟಕ್ಕೇ ಮುಗಿಯುತ್ತಿತ್ತು. ಕ್ಯಾಂಪರಿನ ತಂಟೆ ಬೇರೆ. ಕ್ಯಾಬಿನ್ ಮೇಲೆ ಮಂಚ ಚಾಚಿಕೊಂಡಿರುವ ವ್ಯಾನುಗಳಲ್ಲಿ ಮುಂದಿನ ಗಾಜಿಗೆ ಮೇಲಿನಿಂದ ಬೆಳಕು ಬೀಳುವುದೇ ಇಲ್ಲ, ಸೆನ್ಸರ್ ಮಟಮಟ ಮಧ್ಯಾಹ್ನವನ್ನೂ ಸಂಜೆಯೆಂದು ತಿಳಿಯುತ್ತದೆ. ಅದನ್ನು ಡ್ಯಾಶ್‌ಬೋರ್ಡಿನ ತುದಿಯಲ್ಲಿ, ಗಾಜಿಗೆ ಆದಷ್ಟು ಹತ್ತಿರ, ಆಕಾಶ ಕಾಣುವ ಹಾಗೆ ಕೂರಿಸಿ, ಎಷ್ಟು ಬೆಳಕಿಗೆ ಲೈಟ್ ಹೊತ್ತಬೇಕೆಂಬ ಮಟ್ಟವನ್ನು ಹೊಸದಾಗಿ ಹೊಂದಿಸಬೇಕು. ಮಲಗುವಾಗ ಮುಂದಿನ ಗಾಜಿಗೆ ಕಪ್ಪು ಪರದೆ ಹಾಕುತ್ತೇವೆ. ಬೆಳಗಿನ ಜಾವ ಒಳಗಿನ ಬ್ಯಾಟರಿಗೆ ಚಾರ್ಜ್ ಬೇಕೆಂದು ಪರದೆ ತೆಗೆಯದೆಯೇ ಎಂಜಿನ್ ಚಾಲೂ ಮಾಡಿದರೆ ಎದುರಿನ ಟೆಂಟಿನಲ್ಲಿ ಮಲಗಿರುವ ಕುಟುಂಬದ ಮುಖಕ್ಕೆ ನೂರಹತ್ತು ವಾಟ್ ಹೊಡೆಯುತ್ತದೆ. ಇದಕ್ಕೆ ಉಪಾಯ ಹ್ಯಾಂಡ್‌ಬ್ರೇಕಿನ ತಂತಿಯಲ್ಲಿದೆ: ಬ್ರೇಕ್ ಎಳೆದಿರುವವರೆಗೆ ಮಾಡ್ಯೂಲ್ ಸುಮ್ಮನಿರಬೇಕು, ಬಿಟ್ಟೊಡನೆ ಎಚ್ಚರಗೊಳ್ಳಬೇಕು. ಮಾಡ್ಯೂಲಿಗೆ ಕರೆಂಟು ಇಗ್ನಿಷನ್ ತಂತಿಯಿಂದಲೇ ಬರಬೇಕು, ಒಳಗಿನ ಬ್ಯಾಟರಿಯಿಂದ ಖಂಡಿತ ಬೇಡ. ಹಾಗೆಯೇ ಹಿಂಬದಿಯಲ್ಲಿ ನೂರು ಲೀಟರಿನ ನೀರಿನ ಟ್ಯಾಂಕ್ ತುಂಬಿದರೆ ನೂರು ಕಿಲೋ ಭಾರ ಬಿದ್ದು ವ್ಯಾನಿನ ಮೂತಿ ಮೇಲೇಳುತ್ತದೆ, ಡಿಮ್ ಕೂಡ ಎದುರಿನವನ ಕಣ್ಣಿಗೆ ಕುಕ್ಕುತ್ತದೆ. ಟ್ಯಾಂಕ್ ತುಂಬಿಸಿಕೊಂಡೇ ಲೈಟಿನ ಕೋನ ಸರಿಪಡಿಸಿಕೊಳ್ಳಿ.

ಇನ್ನು ಆಕ್ಷೇಪಗಳು. "ಹಗಲಿನ ಮಂಜಿನಲ್ಲಿ ಸೆನ್ಸರ್ ಕೆಲಸ ಮಾಡುವುದಿಲ್ಲ" ಎಂದು ಒಬ್ಬರು ಬಹಳ ಸಂತೋಷದಿಂದ ಬರೆದಿದ್ದಾರೆ. ನಿಜ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಮಧ್ಯಾಹ್ನದ ಮಂಜು ಬೆಳ್ಳಗೆ ಹೊಳೆಯುತ್ತಿರುತ್ತದೆ, ಸೆನ್ಸರ್‌ಗೆ ಅದು ಬೆಳಕೇ. ಆದರೆ ಹಳೆಯ ಸ್ವಿಚ್ಚನ್ನು ನಾನು ಕಿತ್ತು ಹೊಳೆಗೆ ಎಸೆದಿದ್ದೇನೆಯೇ? ಅದು ಇದ್ದಲ್ಲಿಯೇ ಇದೆ, ತಿರುಗಿಸಿ. ಮಳೆಗೆ ಬೇಕಿದ್ದರೆ ವೈಪರ್ ಮೋಟಾರಿನಿಂದ ಒಂದು ತಂತಿ ಎಳೆದು, ವೈಪರ್ ಓಡಿದಾಗ ಲೈಟ್ ಹೊತ್ತುವಂತೆ ಮಾಡಬಹುದು. ಕೊಡೆ ಬಿಸಿಲಿಗೆ ಆಗುವುದಿಲ್ಲವೆಂದು ಮಳೆಯಲ್ಲಿ ನೆನೆಯುವವರೊಡನೆ ನಾನು ವಾದಿಸುವುದಿಲ್ಲ.

"ಕಾಫಿ ತೋಟದ ರಸ್ತೆಯಲ್ಲಿ ಮರದ ನೆರಳಿಗೆ ಲೈಟ್ ಹೊತ್ತಿ ಆರಿ ಕುಣಿಯುವುದಿಲ್ಲವೇ?" ಕುಣಿಯುವುದಿಲ್ಲ, ಬೇಗ ಹೊತ್ತಿ ತಡವಾಗಿ ಆರುವ ಮಾಡ್ಯೂಲ್ ಕೊಂಡರೆ ಸಿಲ್ವರ್ ಓಕ್ ಸಾಲು ಮುಗಿಯುವವರೆಗೆ ಅದು ಉರಿದೇ ಇರುತ್ತದೆ. ಉರಿದರೆ ನಷ್ಟವೇನು? "ಬ್ಯಾಟರಿ ಇಳಿಯುತ್ತದೆ" ಎನ್ನುವವರೇ, ಎಂಜಿನ್ ಓಡುವಾಗ ಕರೆಂಟು ಕೊಡುವುದು ಎಂಜಿನ್ನೇ ತಿರುಗಿಸುವ ಆಲ್ಟರ್ನೇಟರ್, ಬ್ಯಾಟರಿಯಲ್ಲ. "ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬದಲಾವಣೆಯನ್ನು ನಿಷೇಧಿಸುತ್ತದೆ" ಎನ್ನುವವರು ಆ ಸೆಕ್ಷನ್ ಓದಿ: ಅಲ್ಲಿರುವುದು ಆರ್‌ಸಿಯಲ್ಲಿ ನಮೂದಾದ ವಿವರಗಳು ಕಂಪನಿಯ ಮೂಲ ವಿವರಗಳಿಗಿಂತ ಬೇರೆಯಾಗುವಂತಹ ಬದಲಾವಣೆಯ ಮಾತು. ದೀಪದ ಬಣ್ಣ, ಸಂಖ್ಯೆ, ವಾಟ್ ಯಾವುದನ್ನೂ ನಾನು ಮುಟ್ಟಿಲ್ಲ. ಆದರೆ ಎಚ್4 ಗೂಡಿನೊಳಗೆ ಕಣ್ಣು ಕುಕ್ಕುವ ಅಗ್ಗದ ಎಲ್‌ಇಡಿ ತುರುಕುವವರು ನನ್ನ ಜೊತೆಗಾರರೆಂದು ಹೇಳಿಕೊಳ್ಳಬೇಡಿ. ಅವರ ಬಗ್ಗೆ ಪ್ರತ್ಯೇಕ ಸಂಚಿಕೆ ಬರುತ್ತದೆ, ಗಂಟೆಯ ಗುರುತು ಒತ್ತಿಟ್ಟುಕೊಳ್ಳಿ. ವ್ಯಾನ್ ಇನ್ನೂ ವಾರಂಟಿಯಲ್ಲಿದ್ದರೆ ಶೋರೂಮಿನವರನ್ನು ಕೇಳಿ ಮುಂದುವರಿಯಿರಿ.

2017ರ ಏಪ್ರಿಲ್ 1ರಿಂದ ಈ ದೇಶದಲ್ಲಿ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಎಂಜಿನ್ ಜೊತೆಗೇ ಹೊತ್ತುತ್ತದೆ, ಆರಿಸುವ ಸ್ವಿಚ್ಚೇ ಇಲ್ಲ. ಮೊದಲ ವರ್ಷ ದಾರಿಯುದ್ದಕ್ಕೂ ಜನ ಬೆರಳುಗಳನ್ನು ಮುಚ್ಚಿ ಬಿಚ್ಚಿ "ಲೈಟ್ ಉರಿಯುತ್ತಿದೆ" ಎಂದು ಸನ್ನೆ ಮಾಡಿದ್ದೇ ಮಾಡಿದ್ದು. ಈಗ ಯಾರೂ ಮಾಡುವುದಿಲ್ಲ. ಸ್ಕೂಟರಿನಲ್ಲಿ ತರಕಾರಿ ತರಲು ಹೋಗುವವರ ಕಣ್ಣನ್ನೂ ನಂಬದ ಸರ್ಕಾರವು ಟನ್ನುಗಟ್ಟಲೆ ತೂಗುವ ಮನೆಯೊಂದನ್ನು ರಸ್ತೆಯಲ್ಲಿ ಓಡಿಸುವ ನಮ್ಮ ಕಣ್ಣನ್ನು ಏಕೆ ನಂಬಬೇಕು? ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ 1960ರ ದಶಕದಲ್ಲಿಯೇ ಬಂದ ಸೌಕರ್ಯ ಇದು. ನಮ್ಮಲ್ಲಿ ಮಾತ್ರ ಇದು ಸೋಮಾರಿಗಳ ಆಟಿಕೆಯಂತೆ!

ಹೌದು, ನಾನು ಸೋಮಾರಿ. ಅಡುಗೆ ಕಟ್ಟೆಯ ನಲ್ಲಿಗೂ ಕಾಲಿನ ಪೆಡಲ್ ಹಾಕಿಸಿರುವವನು ನಾನು. ಆದರೆ ಲೈಟ್ ಹಾಕಬೇಕೋ ಬೇಡವೋ ಎಂಬುದು ನನ್ನ ಕಣ್ಣಿಗೆ ತಿಳಿಯುವ ವಿಷಯವಲ್ಲ, ನಿಮ್ಮ ಕಣ್ಣಿಗೂ ಅಲ್ಲ, ಸ್ಟಿಯರಿಂಗ್ ಹಿಂದೆ ಕುಳಿತ ಯಾರ ಕಣ್ಣಿಗೂ ಅಲ್ಲ. ಇದನ್ನು ಇನ್ನೆಷ್ಟು ಬಗೆಯಲ್ಲಿ ಹೇಳಬೇಕೋ ನನಗೆ ತಿಳಿಯದು. ಎದುರಿಗೆ ಬರುವವನು ನಿಮ್ಮ ಲೈಸೆನ್ಸಿನ ವಯಸ್ಸನ್ನು ಓದಿಕೊಂಡು ಬರುವುದಿಲ್ಲ. ಒಬ್ಬರು "ನನಗೆ ಬೆಕ್ಕಿನ ಕಣ್ಣು" ಎಂದಿದ್ದಾರೆ. ಸಂತೋಷ, ಇಲಿ ಹಿಡಿಯಿರಿ.

ನಮ್ಮ ವಾಹಿನಿಯ ಹೆಸರಿರುವ ಟೀ ಲೋಟಗಳು ಮತ್ತೆ ಬಂದಿವೆ, ವ್ಯಾನಿನಲ್ಲಿ ಉರುಳದಂತೆ ತಳಕ್ಕೆ ರಬ್ಬರ್ ಇದೆ, ಬೇಕಾದವರು ಕೆಳಗಿನ ಕೊಂಡಿ ಒತ್ತಿ. ಮುಂದಿನ ವಾರ ನೀರಿನ ಪಂಪ್, ಈ ಬಾರಿ ಯಾರು ಏನು ಬರೆದರೂ ಪಂಪೇ. ಅಷ್ಟರಲ್ಲಿ ಕೇಳಿದವರಿಗೆ ಉತ್ತರ: ಟೆಂಪೋ ಟ್ರಾಕ್ಸಿಗೆ ಆಗುತ್ತದೆಯೇ? ಆಗುತ್ತದೆ. ಓಮ್ನಿಗೆ? ಆಗುತ್ತದೆ. ಹಳೆಯ ಬಸ್ಸನ್ನು ಮನೆ ಮಾಡಿಕೊಂಡಿರುವ ದಂಪತಿಗಳೇ, ನಿಮ್ಮದು 24 ವೋಲ್ಟ್ ಗಾಡಿಯಾಗಿದ್ದರೆ ರಿಲೇ ಮತ್ತು ಮಾಡ್ಯೂಲ್ ಎರಡನ್ನೂ 24 ವೋಲ್ಟಿನದೇ ಕೇಳಿ ತನ್ನಿ, ಹ್ಯಾಂಡ್‌ಬ್ರೇಕಿನ ತಂತಿಯನ್ನು ಮರೆಯಬೇಡಿ.