ಒಂದೇ ದರಕ್ಕೆ ಮೂರು ರಿಕ್ವೆಸ್ಟ್ ಯಾಕೆ?

ಸ್ಕ್ರೀನ್ ಮೇಲೆ ಕಾಣ್ತಿರೋದು ಚಿಕ್ಕಮಗಳೂರಿನ ಬೆಳೆಗಾರರಿಗಾಗಿ ಬರೆದ ಕಾಫಿ ದರದ ಪುಟ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರಿ, ನಾಲ್ಕಕ್ಕೂ 50 ಕೆಜಿ ಮೂಟೆಯ ಬೆಲೆ. ನೆಟ್‌ವರ್ಕ್ ಟ್ಯಾಬ್ ತೆಗೆದಿಟ್ಟು ರೀಲೋಡ್ ಮಾಡ್ತೀನಿ. ನೋಡಿ, ಒಂದೇ ಯುಆರ್‌ಎಲ್‌ಗೆ ಮೂರು ರಿಕ್ವೆಸ್ಟ್. ಮೇಲಿನ ಪಟ್ಟಿಗೊಂದು, ಗ್ರಾಫಿಗೊಂದು, ಕೆಳಗೆ ಲೆಕ್ಕ ಹಾಕೋ ಬಾಕ್ಸಿಗೊಂದು.

ಒಮ್ಮೆ ತಂದ ಉತ್ತರವನ್ನ ಇಟ್ಕೊಳ್ಳೋ ಕ್ಯಾಶ್ ಇದೆಯಲ್ಲ ಅಂತೀರಾ? ಇದೆ. ಆದ್ರೆ ಅದು ಉತ್ತರ ಬಂದ ಮೇಲೆ ತುಂಬೋ ಕ್ಯಾಶ್. ಮೊದಲ ಉತ್ತರ ಬರೋದ್ರೊಳಗೆ ಮೂರೂ ಕಾಂಪೊನೆಂಟ್ (ಪುಟದ ಆ ಮೂರು ಭಾಗಗಳು) ಬಂದು, ಕ್ಯಾಶ್ ಖಾಲಿ ಅಂತ ನೋಡಿ, ತಾವೇ ಫೆಚ್ ಮಾಡಿವೆ, ಅಂದ್ರೆ ಸರ್ವರ್‌ಗೆ ರಿಕ್ವೆಸ್ಟ್ ಕಳಿಸಿವೆ. ಮೂಡಿಗೆರೆ ಕಡೆ ಸಿಗ್ನಲ್ ಸರಿಯಾಗಿ ಸಿಗದ ತೋಟದಲ್ಲಿ ಈ ಅಂತರ ಇನ್ನೂ ಹಿಗ್ಗುತ್ತೆ. ನೆಟ್ ನಿಧಾನ ಆದಷ್ಟೂ ನಕಲು ರಿಕ್ವೆಸ್ಟ್ ಜಾಸ್ತಿ.

ಹಾಗಾಗಿ ಉತ್ತರದ ಬದಲು ಪ್ರಾಮಿಸ್ಸನ್ನೇ, ಅಂದ್ರೆ ಮುಂದೆ ಬರಲಿರೋ ಉತ್ತರದ ಚೀಟಿಯನ್ನೇ, ಇಟ್ಕೋಬೇಕು. ಒಂದು ಮ್ಯಾಪ್ ತಗೊಳ್ಳಿ: ಕೀ ಯಾವ ರಿಕ್ವೆಸ್ಟ್ ಅಂತ ಗುರುತಿಸೋ ಸ್ಟ್ರಿಂಗ್, ವ್ಯಾಲ್ಯೂ ಅದರ ಪ್ರಾಮಿಸ್. ಫಂಕ್ಷನ್ ಶುರುವಾದ ತಕ್ಷಣ ಮ್ಯಾಪಲ್ಲಿ ಆ ಕೀ ಹುಡುಕಿ. ಸಿಕ್ಕಿದ್ರೆ ಅದೇ ಪ್ರಾಮಿಸ್ ವಾಪಸ್ ಕೊಡಿ. ಸಿಗದಿದ್ರೆ ಫೆಚ್ ಶುರು ಮಾಡಿ, ಅದರ ಪ್ರಾಮಿಸ್ಸನ್ನ ಆಗಲೇ ಮ್ಯಾಪಿಗೆ ಹಾಕಿ. ಕೆಡೋದು ಇಲ್ಲೇ. ಹುಡುಕೋದಕ್ಕೂ ಹಾಕೋದಕ್ಕೂ ನಡುವೆ ಒಂದೇ ಒಂದು ಅವೇಟ್ (ಉತ್ತರಕ್ಕೆ ಕಾಯೋ ಸಾಲು) ಕೂಡ ಇರಬಾರದು. ಜಾವಾಸ್ಕ್ರಿಪ್ಟ್ ಒಂದೇ ಥ್ರೆಡ್‌ನಲ್ಲಿ ಓಡೋದ್ರಿಂದ, ಅವೇಟ್ ಇಲ್ಲದ ಸಾಲುಗಳ ಮಧ್ಯೆ ಬೇರೆ ಕೋಡ್ ನುಗ್ಗಲ್ಲ, ಲಾಕ್ ಬೇಕಾಗಲ್ಲ. ಲಾಗಿನ್ ಟೋಕನ್ ತರೋಕೆ ಅಂತ ಮಧ್ಯೆ ಒಂದು ಅವೇಟ್ ಇಟ್ರೆ ಮತ್ತೆ ಮೂರು ರಿಕ್ವೆಸ್ಟ್. ಟೋಕನ್ ತರೋದನ್ನೂ ಆ ಪ್ರಾಮಿಸ್ ಒಳಗೇ ಸೇರಿಸಿ.

ಕೆಲಸ ಮುಗಿದ ಮೇಲೆ ಕೀ ಅಳಿಸಬೇಕು, ಅದೂ ಫೈನಲಿಯಲ್ಲಿ, ಅಂದ್ರೆ ಗೆದ್ದರೂ ಸೋತರೂ ಓಡೋ ಭಾಗದಲ್ಲಿ. ಗೆದ್ದಾಗ ಓಡೋ ದೆನ್‌ನಲ್ಲಿ ಮಾತ್ರ ಅಳಿಸಿದ್ರೆ, ಒಮ್ಮೆ ರಿಜೆಕ್ಟ್ ಆದ ಪ್ರಾಮಿಸ್ ಮ್ಯಾಪಲ್ಲೇ ಕೂತು, ನೆಟ್ ಬಂದ ಮೇಲೂ ಅದೇ ಎರರ್ ಕೊಡ್ತಿರುತ್ತೆ. ಇನ್ನೊಂದು ಸೂಕ್ಷ್ಮ ಇದೆ. ಫೈನಲಿ ಒಂದು ಹೊಸ ಪ್ರಾಮಿಸ್ ಕೊಡುತ್ತೆ. ಮ್ಯಾಪಿಗೆ ಹಾಕಬೇಕಾದ್ದೂ, ವಾಪಸ್ ಕೊಡಬೇಕಾದ್ದೂ ಅದನ್ನೇ. ಹಳೇದನ್ನ ಕೊಟ್ಟು ಹೊಸದನ್ನ ಹಾಗೇ ಬಿಟ್ರೆ, ಅದರ ಎರರ್ ಹಿಡಿಯೋರು ಯಾರೂ ಇರಲ್ಲ. ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸೋ ನೋಡ್‌ಜೆಎಸ್‌ನ 15ನೇ ಆವೃತ್ತಿಯಿಂದೀಚೆಗೆ ಅಷ್ಟಕ್ಕೇ ಸರ್ವರ್ ಪ್ರೋಸೆಸ್ ನಿಂತುಹೋಗುತ್ತೆ.

ಕೀ ಕಟ್ಟುವಾಗ ಪ್ಯಾರಾಮೀಟರ್‌ಗಳನ್ನ ಅಕ್ಷರಕ್ರಮದಲ್ಲಿ ಜೋಡಿಸಿ. ಕ್ರಮ ಬದಲಾದ್ರೆ ಕೀಯೂ ಬೇರೆಯಾಗುತ್ತೆ. ಸರ್ವರ್‌ನಲ್ಲಾದ್ರೆ ಬಳಕೆದಾರರ ಐಡಿ ಕೀಯಲ್ಲಿ ಇರಲೇಬೇಕು. ಇಲ್ಲಾಂದ್ರೆ ಒಬ್ಬ ಬೆಳೆಗಾರರ ಖಾತೆ ವಿವರ ಇನ್ನೊಬ್ಬರ ಫೋನಲ್ಲಿ ತೆರೆಯುತ್ತೆ. ಎರಡು ರಿಕ್ವೆಸ್ಟ್ ಹೆಚ್ಚಾಗಿ ಹೋದ್ರೆ ಸಹಿಸಬಹುದು, ಇದನ್ನ ಸಹಿಸೋಕಾಗಲ್ಲ.

ಹಂಚೋದು ಸರ್ವರ್‌ನ ರೆಸ್ಪಾನ್ಸಿನಿಂದ ಜೇಸನ್ (JSON) ಅನ್ನ ಓದಿ ಮುಗಿಸಿದ ಡೇಟಾ ಆಗಿರಲಿ. ರೆಸ್ಪಾನ್ಸನ್ನೇ ಹಂಚಿದ್ರೆ ಅದರ ಬಾಡಿ ಒಂದೇ ಸಲ ಓದೋಕೆ ಬರೋದು, ಎರಡನೇ ಕಾಂಪೊನೆಂಟಿಗೆ ಎರರ್. ಟೈಪ್‌ಸ್ಕ್ರಿಪ್ಟ್‌ನಲ್ಲಿ ಮ್ಯಾಪಿನ ವ್ಯಾಲ್ಯೂ ಅನ್‌ನೋನ್ ಪ್ರಾಮಿಸ್ (ಉತ್ತರದ ಟೈಪ್ ಗೊತ್ತಿಲ್ಲದ್ದು) ಆಗಿ, ವಾಪಸ್ ಕೊಡುವಾಗ ಬೇಕಾದ ಟೈಪಿಗೆ ಕಾಸ್ಟ್ ಮಾಡ್ತೀವಿ. ಒಂದೇ ಕೀಯನ್ನ ಎರಡು ಟೈಪಿಗೆ ಬಳಸಿದ್ರೆ ಕಂಪೈಲರ್ ಹಿಡಿಯಲ್ಲ.

ಗ್ರಾಫಿನ ಅಬಾರ್ಟ್ ಸಿಗ್ನಲನ್ನ (ರಿಕ್ವೆಸ್ಟ್ ನಿಲ್ಲಿಸೋ ಸೂಚನೆ) ಹಂಚಿಕೊಂಡ ಫೆಚ್‌ಗೆ ಕೊಡಬೇಡಿ, ಗ್ರಾಫ್ ಮುಚ್ಚಿದ್ರೆ ಪಟ್ಟಿಗೂ ದರ ಬರಲ್ಲ. ಫೆಚ್‌ಗೆ 10 ಸೆಕೆಂಡಿನ ಟೈಮ್‌ಔಟ್ ಸಿಗ್ನಲ್ ಮಾತ್ರ ಇರಲಿ. ರಿಯಾಕ್ಟ್ ಜೊತೆ ಡೇಟಾ ತರೋ ಲೈಬ್ರರಿ ಟ್ಯಾನ್‌ಸ್ಟಾಕ್ ಕ್ವೆರಿ ಬಳಸ್ತಿದ್ರೆ, ಒಂದೇ ಕ್ವೆರಿ ಕೀ ಕೊಟ್ಟರೆ ಸಾಕು, ನಕಲು ತಡೆಯೋದು ಅದರೊಳಗೇ ಇದೆ.

ಇದೆಲ್ಲ ಡೇಟಾ ಓದೋ ಗೆಟ್ ರಿಕ್ವೆಸ್ಟ್‌ಗೆ. ಮಾರಾಟದ ಆರ್ಡರ್ ಕಳಿಸೋ ಪೋಸ್ಟ್‌ಗೆ ಇದನ್ನ ಹಚ್ಚಬೇಡಿ. ಹತ್ತು ಮೂಟೆಯ ಎರಡು ಆರ್ಡರ್ ನಿಜವಾಗಲೂ ಎರಡೇ ಆಗಿರಬಹುದು. ಅಲ್ಲಿ ಪ್ರತಿ ಆರ್ಡರಿಗೂ ಅದರದ್ದೇ ಐಡಿ ಕಟ್ಟಿ ಕಳಿಸಿ, ಮತ್ತೆ ಪ್ರಯತ್ನಿಸುವಾಗ ಅದೇ ಐಡಿ ಹೋಗಲಿ. ಒಂದೇ ಐಡಿ ಎರಡು ಸಲ ಬಂದ್ರೆ ತಡೆಯೋದು ಸರ್ವರ್ ಕೆಲಸ.